ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟವಾಗುತ್ತದಾ?

"ಸೆಕೆ ಜಾಸ್ತಿ, ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿಸಿದರೆ ಸ್ಫೋಟವಾಗುತ್ತದೆ, ಅರ್ಧವೇ ಹಾಕಿಸಿ." ಬೇಸಿಗೆ ಬಂತೆಂದರೆ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಿಗೆ ಈ ಮೆಸೇಜೂ ಬರುತ್ತದೆ. ಇಂಡಿಯನ್ ಆಯಿಲ್ ಹೆಸರಲ್ಲಿ ಓಡಾಡುತ್ತಿದ್ದ ಇದನ್ನು ಆ ಕಂಪನಿಯೇ ಸುಳ್ಳು ಎಂದಿದೆ.

ಬಿಸಿಗೆ ಪೆಟ್ರೋಲ್ ಹಿಗ್ಗುವುದು ನಿಜ. ಎಷ್ಟು? ಸ್ಕೂಟರಿನ 5 ಲೀಟರ್ ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು 50 ಮಿಲಿಲೀಟರ್, ಅಂದರೆ ಅರ್ಧ ಗ್ಲಾಸ್ ಚಹಾದಷ್ಟು. ಅದಕ್ಕೆಂದೇ ಟ್ಯಾಂಕಿನಲ್ಲಿ ಮೇಲ್ಗಡೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಹಾಗಾಗಿ ಸುಮ್ನೆ ಮುಚ್ಚಳದ ಬಾಯಿವರೆಗೆ ತುಂಬಿಸಬೇಡಿ, ಅಷ್ಟೇ.

ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯಾದರೂ ಬೇಕು. ನಮ್ಮೂರಿನ ಸೆಕೆ 40 ಮುಟ್ಟುವುದೇ ಅಪರೂಪ, ಅಲ್ವಾ? ಹೆದರಬೇಕಾದ್ದು ಕಿಡಿಗೆ. ಪಂಪಿನ ಹತ್ತಿರ ಯಾರಾದರೂ ಬೀಡಿ ಹಚ್ಚುತ್ತಿದ್ದರೆ ದಯವಿಟ್ಟು ತಡೆಯಿರಿ.