ನಮ್ಮ ಬಚ್ಚಲಿನಲ್ಲೂ ಒಂದು ಪೂಜೆ ಇತ್ತು

ಮೈಯ ಆರೈಕೆಯನ್ನೇ ಧ್ಯಾನದ ಹಾಗೆ ಮಾಡಬಹುದು ಎಂದು ಲೇಖನದಲ್ಲಿ ಬರೆದಿದ್ದೀರಿ. ಓದಿದ ಕೂಡಲೇ ಅಜ್ಜಿ ಮಾಡಿಸುತ್ತಿದ್ದ ಎಣ್ಣೆ ಸ್ನಾನ ನೆನಪಾಯಿತು. ಮಣೆ ಮೇಲೆ ಕೂರಿಸಿ, ಬೆಚ್ಚಗಿನ ಹರಳೆಣ್ಣೆಯಲ್ಲಿ ಬೆರಳು ಅದ್ದಿ ನೆಲದ ಮೇಲೆ ಏಳು ಬೊಟ್ಟು ಇಡುತ್ತಿದ್ದರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಏಳು ಚಿರಂಜೀವಿಗಳಿಗೆ ಒಂದೊಂದು ಬೊಟ್ಟು. ಆಮೇಲೇ ನಮ್ಮ ನೆತ್ತಿಗೆ ಎಣ್ಣೆ. ನೂರು ವರ್ಷ ಬಾಳು ಎನ್ನುತ್ತಾ ತಟ್ಟುತ್ತಿದ್ದರು. ದೀಪಾವಳಿಗಂತೂ ಹಿಂದಿನ ಸಂಜೆಯೇ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಅದಕ್ಕೂ ಪೂಜೆ!

ಈಗ ನನ್ನದು ಗೀಸರ್ ನೀರು. ಆದರೂ ಭಾನುವಾರ ಬೆಳಿಗ್ಗೆ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಎಣ್ಣೆ ಹಚ್ಚಿಕೊಳ್ಳುತ್ತೇನೆ. ಏಳು ಬೊಟ್ಟು ಬಿಟ್ಟಿಲ್ಲ. ಅಂಗಾಲು ಉಜ್ಜುವಾಗ, ವಾರವಿಡೀ ನನ್ನನ್ನು ಹೊತ್ತ ಕಾಲು ಇದು ಅನ್ನಿಸಿ ಕೈ ತಾನಾಗೇ ನಿಧಾನವಾಗುತ್ತದೆ. ಮನಸ್ಸೂ ಅಷ್ಟೇ.

ಒಂದು ಮಾತು ಮಾತ್ರ ಒಪ್ಪಲಾರೆ. ಪರಿಮಳದ ಮೇಣದಬತ್ತಿ, ದುಬಾರಿ ತೈಲ ಬೇಕೆಂದು ಬರೆದಿದ್ದೀರಿ. ಸುಮ್ನೆ ಖರ್ಚು ಅಲ್ವಾ? ಒಂದು ಬಟ್ಟಲು ಹರಳೆಣ್ಣೆ, ಒಂದು ಹಿಡಿ ಸೀಗೇಪುಡಿ ಸಾಕು. ವಯಸ್ಸಾದವರಿದ್ದರೆ ಬಚ್ಚಲಿನ ನೆಲ ಜಾರದ ಹಾಗೆ ನೋಡಿಕೊಳ್ಳಿ.