ನೆತ್ತಿಯ ಮೇಲೆ ಹಾರಿದ ಭಾವ

ಎರಡು ಊರುಗಳ ದೂರ ಕೇಳಿದರೆ ಮ್ಯಾಪಿನ ಮೇಲೆ ನೇರ ಗೆರೆ ಎಳೆದು ಹೇಳುವವರನ್ನು ಕಂಡರೆ ಈಗ ನನಗೆ ಮೈ ಉರಿಯುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಆಕಾಶದಲ್ಲಿ 300ಕ್ಕೂ ತುಸು ಕಡಿಮೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದರೆ ಮುಗೀತು.

ಈ ಚಟ ಇರುವುದು ನನ್ನ ಹೆಂಡತಿಯ ಅಣ್ಣನಿಗೆ. ಮನೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆ ಹತ್ತಿರ. "ಬಸ್ಸು ಎಂತಕ್ಕೆ ಭಾವ? ವಿಮಾನದಲ್ಲಿ ಒಂದೇ ಗಂಟೆ!"

ಆದರೆ ಆ ಗೆರೆ ಬನಶಂಕರಿಯ ನಮ್ಮ ಮನೆ ಬಾಗಿಲಿಂದ ಶುರುವಾಗುವುದಿಲ್ಲವಲ್ಲ. ಮಂಗಳೂರು ಇರುವುದು ಪಶ್ಚಿಮಕ್ಕೆ. ವಿಮಾನ ನಿಲ್ದಾಣ ಉತ್ತರಕ್ಕೆ, ದೇವನಹಳ್ಳಿ ಕಡೆ, ಅದೂ ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು. ಅಂದರೆ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ತೆವಳುತ್ತಾ ನಾನು ಮಂಗಳೂರಿನಿಂದ ಇನ್ನಷ್ಟು ದೂರ ಹೋಗುತ್ತಿರುತ್ತೇನೆ. ಅದಕ್ಕೆ ಕ್ಯಾಬಿನವನಿಗೆ ದುಡ್ಡು ಬೇರೆ! ಆಮೇಲೆ ಬೆಲ್ಟ್ ಬಿಚ್ಚು, ಹಾಕು, ಕಾಯಿ. ಅಷ್ಟರಲ್ಲಿ ನನ್ನ ಜೊತೆಗೇ ಮನೆ ಬಿಟ್ಟು ಬಸ್ಸು ಹತ್ತಿದವರು ಹಾಸನದಲ್ಲಿ ಇಡ್ಲಿ ವಡೆ ತಿಂದು ಕೈ ತೊಳೆದಿರುತ್ತಾರೆ.

ಹೋದ ವಾರ ಭಾವನ ಮಾತು ಮೀರಲಾಗದೆ ವಿಮಾನ ಹತ್ತಿದೆ. ಬಜ್ಪೆಯದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂಬಾರದು. ಮೋಡದೊಳಗೇ ಸುತ್ತು ಹಾಕಿದೆವು. ಮತ್ತೆ ಹಾಕಿದೆವು. ಆಮೇಲೆ ವಾಪಸ್ ಬೆಂಗಳೂರು! ಇಳಿದು ಫೋನ್ ಆನ್ ಮಾಡಿದರೆ ಭಾವನ ಮೆಸೇಜುಗಳ ಸಾಲು:

"ನಿಮ್ಮ ವಿಮಾನದ ಶಬ್ದ ಕೇಳಿತು."

"ಚಹಾಕ್ಕೆ ನೀರಿಟ್ಟೆವು."

"ಪುನಃ ಶಬ್ದ ಕೇಳಿತು. ಎಂತ ಭಾವ, ಎರಡೆರಡು ಸಲ ಬರ್ತಿದ್ದೀರಾ?"

"ನೀರು ಬತ್ತಿತು."

ಫೋನ್ ಮಾಡಿ ವಿಷಯ ಹೇಳಿದೆ. ಅಯ್ಯೋ ಪಾಪ ಅನ್ನುವುದು ಬಿಟ್ಟು, "ನಮ್ಮ ಮನೆ ಮೇಲೆ ಬಂದು ಹೋದದ್ದು ಹೌದಲ್ಲ? ಎಷ್ಟು ಹೊತ್ತಿಗೆ?" ಎಂದರು. ಹೇಳಿದೆ. ಆ ಕಡೆ ಬೆರಳೆಣಿಕೆ ನಡೆಯಿತು. "ನೋಡಿ, ಒಂದು ಗಂಟೆಯ ಲೆಕ್ಕ ಸರಿಯೇ ಉಂಟು!"

ರಾತ್ರಿ ಬಸ್ಸೇ ಹತ್ತಿದೆ. ಮದುವೆಯಾದ ಹೊಸತರಲ್ಲಿ ಕೆಂಪು ಬಸ್ಸಿನಲ್ಲಿ ಹೋಗುತ್ತಿದ್ದೆವು. ಸಕಲೇಶಪುರದ ಚಳಿಗೆ ಶಾಲು ಹೊದ್ದು ಮಲಗಿದರೆ, ಶಿರಾಡಿ ಘಾಟಿ ಇಳಿದು ಗುಂಡ್ಯ ಬರುವ ಹೊತ್ತಿಗೆ ಕುತ್ತಿಗೆಯೆಲ್ಲ ಅಂಟಂಟು. ಹೆಂಡತಿ ಕಣ್ಣು ಬಿಡದೆಯೇ "ಊರು ಬಂತು" ಅನ್ನುತ್ತಿದ್ದಳು. ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ.ರೋಡ್ ಎಲ್ಲಾ ಇನ್ನೂ ಬಾಕಿ. ಆದರೂ ಅವಳ ಪಾಲಿಗೆ ಊರು ಬಂದಾಗಿತ್ತು. ಈಗಿನದು ಎಸಿ ಬಸ್ಸು. ಘಾಟಿ ಇಳಿದದ್ದು ಗೊತ್ತೇ ಆಗಲಿಲ್ಲ.

ಬೆಳಗ್ಗೆ ಪಂಪ್‌ವೆಲ್‌ನಲ್ಲಿ ಇಳಿದೆ. ಭಾವ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿದ್ದರು. ಬ್ಯಾಗಿಗೆ ಕೈ ಹಾಕುವ ಮೊದಲೇ ಮ್ಯಾಪು ತೋರಿಸಿದರು.

"ಇನ್ನು ಮಳೆಗಾಲದಲ್ಲಿ ಕಣ್ಣೂರಿಗೆ ಟಿಕೆಟ್ ಮಾಡಿ ಭಾವ. ಅಲ್ಲಿಂದ ಇಲ್ಲಿಗೆ ನೇರ ನೋಡಿದರೆ ಬರೀ 135 ಕಿಲೋಮೀಟರ್!"