ನಕ್ಷೆ ಮುಗಿಸಿಕೊಂಡು ಬಂದು ಅಭಿಪ್ರಾಯ ಕೇಳಬೇಡಿ

ಈಗಷ್ಟೇ ಪಂಚಾಯಿತಿ ಸಭಾಂಗಣದಿಂದ ಮನೆಗೆ ಬಂದೆ. ಊಟಕ್ಕೆ ಕೂರಲೂ ಮನಸ್ಸಾಗುತ್ತಿಲ್ಲ. ಬರೆದೇ ಏಳುತ್ತೇನೆ.

ಕೊಡಗಿನ ನಮ್ಮೂರ ಬೆಟ್ಟಸಾಲಿನ ಮೇಲೆ ಗಾಳಿಯಂತ್ರ ಸ್ಥಾಪಿಸುವ ಪ್ರಸ್ತಾಪದ ಬಗ್ಗೆ ಇವತ್ತು ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಇತ್ತು. ಬೆಳಗ್ಗೆ ಹನ್ನೊಂದು ಗಂಟೆಗೆ, ಅದೂ ಕಾಫಿ ಕುಯ್ಲು ಜೋರಾಗಿರುವ ಈ ವಾರದಲ್ಲಿ. ತೋಟದಲ್ಲಿ ಆಳು ಬಿಟ್ಟವರು ಕಣ ಬಿಟ್ಟು ಬರುವ ಹಾಗಿಲ್ಲ. ಹಣ್ಣು ಕುಯ್ಯುವವರು ಒಂದು ದಿನದ ಕೂಲಿ ಕಳೆದುಕೊಂಡು ಬರುವುದಿಲ್ಲ. ಅರ್ಧ ಕುರ್ಚಿ ಖಾಲಿ. ಗೋಡೆಯ ಮೇಲೆ ದೊಡ್ಡ ನಕ್ಷೆ. ಯಂತ್ರ ನಿಲ್ಲುವ ಜಾಗಕ್ಕೆಲ್ಲ ಕೆಂಪು ಚುಕ್ಕೆ, ಪ್ರತಿ ಚುಕ್ಕೆಗೂ ಒಂದು ನಂಬರು, ಹೊಸ ರಸ್ತೆಗೆ ಹಳದಿ ಗೆರೆ, ಕರೆಂಟ್ ಲೈನಿಗೆ ನೀಲಿ ಗೆರೆ. ಎಲ್ಲ ತೋರಿಸಿ ಮುಗಿಸಿದ ಮೇಲೆ ಯೋಜನೆಯವರು, "ಈಗ ನಿಮ್ಮ ಅಭಿಪ್ರಾಯ ಹೇಳಿ" ಅಂದರು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಗಾಳಿ ವಿದ್ಯುತ್ತಿನ ವಿರೋಧಿಯಲ್ಲ. ಅಪ್ಪನ ತೋಟ ನೋಡಿಕೊಳ್ಳಲು ವಾಪಸು ಬರುವ ಮುಂಚೆ ಗದಗ, ಚಿತ್ರದುರ್ಗದ ಕಡೆ ಇದೇ ಕೆಲಸದಲ್ಲಿ ಅನ್ನ ಉಂಡವನು. ಇವತ್ತು ರಾಜ್ಯದಲ್ಲಿ 5,000 ಮೆಗಾವ್ಯಾಟ್‌ಗೂ ಹೆಚ್ಚು ಸಾಮರ್ಥ್ಯದ ಗಾಳಿಯಂತ್ರಗಳಿವೆ. ಅದರಲ್ಲಿ ನನ್ನ ಬೆವರೂ ಒಂದಿಷ್ಟು ಇದೆ ಅನ್ನುವುದು ನನಗೆ ಹೆಮ್ಮೆ. ಕಲ್ಲಿದ್ದಲು ಸುಟ್ಟು ಮಳೆಗಾಲವನ್ನೇ ಕೆಡಿಸಿಕೊಂಡ ಮೇಲೆ ಅದರ ಪೆಟ್ಟು ಮೊದಲು ತಿನ್ನುವುದು ನಮ್ಮಂಥ ಬೆಟ್ಟದ ಜನ. ಹಾಗಾಗಿ ಯಂತ್ರ ಬೇಡ ಅನ್ನುವ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ನನ್ನ ತಕರಾರು ಒಂದೇ. ಊರನ್ನು ಕೇಳುವುದಾದರೆ ನಕ್ಷೆ ಬರೆಯುವ ಮುಂಚೆ ಕೇಳಿ.

ಸಭೆಯಲ್ಲಿ ನಡೆದದ್ದು ಹೇಳುತ್ತೇನೆ. ಮೇಲಿನ ಕೇರಿಯ ಅಜ್ಜಿಯೊಬ್ಬರು ಎದ್ದು ನಿಧಾನಕ್ಕೆ ಗೋಡೆಯ ಹತ್ತಿರ ಹೋದರು. ಕನ್ನಡಕ ಸರಿಮಾಡಿಕೊಂಡು ಒಂದು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು, "ಇಲ್ಲಿ ನೀರಿನ ಒರತೆ ಇದೆ ಮಗಾ. ಕೆಳಗಿನ ಲೈನ್ ಮನೆಗಳಿಗೆಲ್ಲ ಪೈಪು ಇಲ್ಲಿಂದಲೇ ಹೋಗಿರೋದು. ಏಪ್ರಿಲ್‌ನಲ್ಲೂ ಬತ್ತಲ್ಲ" ಅಂದರು. ಲೈನ್ ಮನೆ ಅಂದರೆ ತೋಟದ ಕೆಲಸಗಾರರ ಸಾಲು ಮನೆ. ಲ್ಯಾಪ್‌ಟಾಪ್ ಹಿಡಿದಿದ್ದ ಹುಡುಗ ಎರಡು ಸಲ ಜೂಮ್ ಮಾಡಿ ನೋಡಿದ. "ಸ್ಯಾಟಲೈಟ್ ಚಿತ್ರದಲ್ಲಿ ಏನೂ ಕಾಣಿಸ್ತಿಲ್ಲಮ್ಮ" ಅಂದ. ಕಾಣಿಸುವುದಾದರೂ ಹೇಗೆ? ಒರತೆ ಇರುವುದು ಮರಗಳ ನೆರಳಿನಡಿ. ಅದನ್ನು ನೋಡಬೇಕಾದರೆ ಜಿಗಣೆ ಕಚ್ಚಿಸಿಕೊಂಡು ಮೇಲೆ ಹತ್ತಬೇಕು, ಇಲ್ಲವೇ ಅಲ್ಲಿಂದ ನೀರು ತಂದವರನ್ನು ಕೇಳಬೇಕು. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ನಕ್ಷೆ ಬರೆದವನು ಅವನಲ್ಲ, ತೋರಿಸಲು ಕಳಿಸಿದ್ದರು ಅಷ್ಟೇ. ಆದರೆ ಅಜ್ಜಿಯ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನನ್ನ ಕೋಪ ಅದಕ್ಕೆ.

ಆ ಚುಕ್ಕೆಯನ್ನು ಸರಿಸಬಹುದಲ್ಲ ಅಂತ ನೀವು ಕೇಳಬಹುದು. ಈ ಹಂತದಲ್ಲಿ ಅದು ಸುಲಭವಲ್ಲ ಅನ್ನುವುದು ಒಳಗೆ ಕೆಲಸ ಮಾಡಿದ ನನಗೆ ಗೊತ್ತು. ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿನ ಶಕ್ತಿ ಎಂಟರಷ್ಟಾಗುತ್ತದೆ. ವೇಗ ಕೊಂಚ ತಗ್ಗಿದರೂ ಆದಾಯದ ಲೆಕ್ಕ ಕುಸಿಯುತ್ತದೆ. ಅದಕ್ಕೇ ಎಲ್ಲರ ಕಣ್ಣು ಬೆಟ್ಟದ ನೆತ್ತಿಯ ಮೇಲೆ. ಒಮ್ಮೆ ಆ ಲೆಕ್ಕ ತೋರಿಸಿ ಸಾಲದ ಮಾತು ಶುರುವಾಯಿತೋ, ಒಂದು ಚುಕ್ಕೆ ಸರಿಸಲೂ ಯಾರೂ ಒಪ್ಪುವುದಿಲ್ಲ. ಮೊದಲೇ ಕೇಳಿದ್ದರೆ ಅಜ್ಜಿಯ ಬೆರಳಿಗೆ ಬೆಲೆ ಇರುತ್ತಿತ್ತು.

ಇನ್ನೊಂದು ವಿಷಯ ನಮ್ಮ ಜಿಲ್ಲೆಯ ಬಹಳ ಜನರಿಗೆ ಗೊತ್ತಿಲ್ಲ. ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳೇ ಇಲ್ಲ. ಗಣಿಗೋ ಅಣೆಕಟ್ಟಿಗೋ ನಡೆಯುವಂಥ ಸಾರ್ವಜನಿಕ ವಿಚಾರಣೆ ಇದಕ್ಕೆ ಕಡ್ಡಾಯವಲ್ಲ. ಅಂದರೆ ಖಾಲಿ ಕುರ್ಚಿಗಳ ಇವತ್ತಿನ ಸಭೆಯೇ ನಮಗೆ ಸಿಗುವ ದೊಡ್ಡ ಅವಕಾಶ. ಗಾಳಿಯಂತ್ರಗಳನ್ನೂ ಆ ಪಟ್ಟಿಗೆ ಸೇರಿಸಿ ಅಂತ ಶಿಫಾರಸು ಮಾಡಿದ್ದು ಪಶ್ಚಿಮ ಘಟ್ಟದ ರಕ್ಷಣೆ ಕುರಿತ 2013ರ ಕಸ್ತೂರಿರಂಗನ್ ವರದಿ. ಹೌದು, ನಾವೆಲ್ಲ ಬೀದಿಗಿಳಿದು ವಿರೋಧಿಸಿದ ಅದೇ ವರದಿ. ನಾನೂ ಬಾವುಟ ಹಿಡಿದಿದ್ದೆ. ಅದರ ಉಳಿದ ವಿಷಯಗಳ ಬಗ್ಗೆ ನನ್ನ ನಿಲುವು ಬದಲಾಗಿಲ್ಲ, ಆದರೆ ಈ ಒಂದು ಮಾತು ನಮ್ಮ ಪರವಾಗಿಯೇ ಇತ್ತು.

ರಸ್ತೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ಯಂತ್ರಕ್ಕಿಂತ ಹೆಚ್ಚು ಭಯ ಇರುವುದು ಆ ಹಳದಿ ಗೆರೆಯದ್ದು. ಈಗಿನ ಯಂತ್ರದ ಒಂದೊಂದು ರೆಕ್ಕೆ 60 ಮೀಟರ್‌ಗೂ ಉದ್ದ ಇರುತ್ತದೆ. ಅದನ್ನು ಮಡಚಲಾಗದು, ಒಂದೇ ತುಂಡಾಗಿ ಟ್ರೈಲರ್ ಮೇಲೆ ಬರಬೇಕು. ಗದಗದ ಬಯಲಲ್ಲಿ ಅದನ್ನು ಸಾಗಿಸುವುದೇ ಬೇರೆ, ನಮ್ಮ ತಿರುವುಗಳಲ್ಲಿ ಸಾಗಿಸುವುದೇ ಬೇರೆ. ಪ್ರತಿ ತಿರುವಿನಲ್ಲೂ ಬರೆ, ಅಂದರೆ ರಸ್ತೆ ಪಕ್ಕದ ಮಣ್ಣಿನ ದಿಣ್ಣೆ, ಕಡಿಯಬೇಕು. 2018ರ ಆಗಸ್ಟ್‌ನ ಭೂಕುಸಿತ ಯಾರಿಗೆ ಮರೆತಿದೆ? ಮಕ್ಕಂದೂರು, ಜೋಡುಪಾಲ, ಹೆಮ್ಮೆತ್ತಾಳು. ಇಳಿಜಾರನ್ನು ಅಡ್ಡಾದಿಡ್ಡಿ ಕಡಿದದ್ದೂ ಒಂದು ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರೇ ಆಗ ಹೇಳಿದರು. ಯಾವ ಬರೆ ಪ್ರತಿ ಜುಲೈನಲ್ಲಿ ಸ್ವಲ್ಪ ಸ್ವಲ್ಪ ಜಾರುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಅನ್ನುವುದು ದಿನಾ ಆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವವರಿಗೆ ಗೊತ್ತು. ಅವರನ್ನು ಯಾರೂ ಕೇಳಲಿಲ್ಲ.

ಮನೆಗಳ ಲೆಕ್ಕವೂ ಹೀಗೆಯೇ. ಯಂತ್ರಕ್ಕೂ ಮನೆಗೂ ನಡುವೆ 500 ಮೀಟರ್ ಅಂತರ ಬೇಕು ಅಂತ ಕೇಂದ್ರದ 2016ರ ಮಾರ್ಗಸೂಚಿ ಹೇಳಿತ್ತು. ಸರಿ, ಯಾವ ಮನೆಯಿಂದ? ನಮ್ಮಲ್ಲಿ ಊರು ಅಂದರೆ ಒತ್ತೊತ್ತಾದ ಮನೆಗಳಲ್ಲ, ತೋಟಕ್ಕೊಂದು ಮನೆ. ಲೈನ್ ಮನೆಗಳಲ್ಲಿ ಎಷ್ಟೋ ಪಂಚಾಯಿತಿ ಪುಸ್ತಕದಲ್ಲೇ ಇಲ್ಲ. ಅಲ್ಲಿರುವ ಎರವ ಬುಡಕಟ್ಟಿನ ಕುಟುಂಬಗಳಿಗೆ ಸಭೆಯ ನೋಟಿಸೂ ತಲುಪಿಲ್ಲ, ನಾನೇ ವಿಚಾರಿಸಿದ್ದೇನೆ. ರಾತ್ರಿಯೆಲ್ಲ ರೆಕ್ಕೆಯ ಸದ್ದು ಕೇಳಬೇಕಾದವರು ಅವರು. ಜಾಗದ ಬಾಡಿಗೆ ಮಾತ್ರ ಆರ್‌ಟಿಸಿಯಲ್ಲಿ ಹೆಸರಿದ್ದವರಿಗೆ. ಅದರಲ್ಲೂ ಜಮ್ಮಾ ಬಾಣೆ, ಅಂದರೆ ಇಡೀ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಮೀನಾದರೆ, ಕುಟುಂಬದ ಹಿರಿಯರಾದ ಪಟ್ಟೆದಾರರ ಹೆಸರು, ಅವರು ತೀರಿಕೊಂಡು ಎಷ್ಟೋ ಕಾಲವಾಗಿರುತ್ತದೆ, ಪಾಲುದಾರರು ಬೆಂಗಳೂರು, ಮೈಸೂರು ಅಂತ ಚದುರಿರುತ್ತಾರೆ. ಯಾರ ಸಹಿ ತೆಗೆದುಕೊಳ್ಳುತ್ತೀರಿ ಅಂತ ಕೇಳಿದೆ. "ಅದನ್ನೆಲ್ಲ ಲೀಗಲ್‌ನವರು ನೋಡ್ಕೋತಾರೆ ಸರ್" ಅಂದರು. ಅಣ್ಣ ತಮ್ಮಂದಿರು ಕೋರ್ಟು ಹತ್ತುವುದು ಇಂಥ ಸಹಿಗಳಿಂದಲೇ.

ಹಿಂದಿನ ಸಾಲಿನಲ್ಲಿದ್ದ ಗೆಳೆಯನೊಬ್ಬ, "ಎಲ್ಲರನ್ನೂ ಕೇಳುತ್ತಾ ಕೂತರೆ ಯಾವ ಯೋಜನೆಯೂ ಆಗಲ್ಲ, ಹವಾಮಾನ ನಮಗೋಸ್ಕರ ಕಾಯುತ್ತಾ?" ಅಂದ. ಈ ಮಾತು ನನಗೂ ನಾಟುತ್ತದೆ. ನಿಧಾನ ಮಾಡಲು ನಮಗೆ ಸಮಯವಿಲ್ಲ, ಒಪ್ಪುತ್ತೇನೆ. ಆದರೆ ಗೆಳೆಯಾ, ಆ ಬೆಟ್ಟದ ಮೇಲೆ ಗಾಳಿ ಅಳೆಯುವ ಕಂಬ ನಿಂತು ಒಂದು ಮಳೆಗಾಲ ಪೂರ್ತಿ ಕಳೆದಿದೆ. ಗಾಳಿಯನ್ನು ಕೇಳಲು ಅಷ್ಟು ಸಮಯ ಇದ್ದವರಿಗೆ, ಅದೇ ಅವಧಿಯಲ್ಲಿ ನಾಲ್ಕು ಸಂಜೆ ಊರಿಗೆ ಬಂದು ಕೂರಲು ಸಮಯ ಇರಲಿಲ್ಲವೇ? ಜನರನ್ನು ಕೇಳಿದ್ದರಿಂದ ತಡವಾಯಿತು ಅನ್ನುವುದನ್ನು ನಾನು ಒಪ್ಪಲಾರೆ. ತಡವಾಗುವುದು ಜಗಳ ಬೆಳೆದಾಗ. ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ವಿದ್ಯುತ್ ಲೈನಿನ ಜಗಳ ಎಷ್ಟು ವರ್ಷ ಎಳೆಯಿತು, ದಕ್ಷಿಣ ಕೊಡಗಿನ ಗೆಳೆಯರು ಹೇಳಲಿ. ಕೊನೆಗೂ ಸಾವಿರಾರು ಮರ ಉರುಳಿದವು, ಮನಸ್ತಾಪ ಇನ್ನೂ ಉಳಿದಿದೆ.

ಬೇರೆ ಕಡೆ ಇದನ್ನು ಸರಿಯಾಗಿ ಮಾಡಿದ್ದಾರೆ. ಯಂತ್ರದಿಂದ 4.5 ಕಿಲೋಮೀಟರ್ ಒಳಗಿರುವವರಿಗೆ ಯೋಜನೆಯ ಕನಿಷ್ಠ ಶೇ. 20 ಪಾಲನ್ನು ಕೊಳ್ಳುವ ಅವಕಾಶ ಕೊಡಲೇಬೇಕು ಅಂತ ಡೆನ್ಮಾರ್ಕ್ 2009ರಲ್ಲಿ ಕಾನೂನು ತಂದಿತ್ತು. ಅದಕ್ಕೂ ಮೊದಲೇ ಕೋಪನ್‌ಹೇಗನ್ ಪಕ್ಕದ ಸಮುದ್ರದಲ್ಲಿ ನಿಂತ 20 ಯಂತ್ರಗಳಲ್ಲಿ ಅರ್ಧ ಒಂದು ಸಹಕಾರ ಸಂಘದ್ದು, ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರು. ಅದು ಶ್ರೀಮಂತರ ದೇಶ ಅನ್ನಬೇಡಿ. ಜೇನು ಮಾರಲೂ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಗೊಬ್ಬರ, ಬೆಳೆ ಸಾಲ ಎಲ್ಲ ನಮ್ಮೂರ ಸೊಸೈಟಿಯಿಂದಲೇ ನಡೆಯುತ್ತಿದೆ. ಒಂದು ಯಂತ್ರದಲ್ಲಾದರೂ ಸೊಸೈಟಿಗೆ ಪಾಲು ಕೊಡಿ, ಉತ್ಪಾದನೆಯಾದ ಯೂನಿಟ್ಟಿಗೆ ಇಂತಿಷ್ಟು ಅಂತ ಪಂಚಾಯಿತಿಗೆ ಬರೆದುಕೊಡಿ. ಆ ಯಂತ್ರ ತಿರುಗುವುದು ನಿಲ್ಲದ ಹಾಗೆ ಊರೇ ನೋಡಿಕೊಳ್ಳುತ್ತದೆ.

ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಗೆ ಗುಂಡಿ ತೋಡುತ್ತಾರಂತೆ. ಆ ಹೊತ್ತಿಗೆ ನಮ್ಮೂರಲ್ಲಿ ಸುಗ್ಗಿ ಕಟ್ಟು, ಅಂದರೆ ಸುಗ್ಗಿ ಹಬ್ಬದ ಕಟ್ಟುಪಾಡು. ಕಟ್ಟು ಬಿದ್ದ ಮೇಲೆ ನಾವು ಹಸಿ ಮರ ಕಡಿಯುವುದಿಲ್ಲ, ನೆಲ ಅಗೆಯುವುದಿಲ್ಲ. ಇದನ್ನು ತಿಳಿದುಕೊಳ್ಳಲು ಯಾವ ಉಪಕರಣವೂ ಬೇಕಿರಲಿಲ್ಲ, ಊರಲ್ಲಿ ಯಾರ ಮನೆ ಬಾಗಿಲು ತಟ್ಟಿದ್ದರೂ ಹೇಳುತ್ತಿದ್ದರು.

ಅರ್ಜಿ ಬರೆದಿಟ್ಟಿದ್ದೇನೆ. ಈ ನಕ್ಷೆಯನ್ನು ಕರಡು ಅಂತ ಘೋಷಿಸಬೇಕು, ಕುಯ್ಲು ಮುಗಿದ ಮೇಲೆ ಸಂಜೆ ಆರಕ್ಕೆ ಮತ್ತೆ ಗ್ರಾಮಸಭೆ ಕರೆಯಬೇಕು, ಲೈನ್ ಮನೆಗಳಿಗೂ ನೋಟಿಸು ಹೋಗಬೇಕು, ಒರತೆ, ಆನೆ ದಾರಿ, ದೇವರಕಾಡು, ಜಾರುವ ಬರೆ ಎಲ್ಲವನ್ನೂ ಊರವರ ಜೊತೆ ನಡೆದು ಗುರುತು ಹಾಕಬೇಕು. ಅರ್ಜಿ ಸೋಮವಾರದವರೆಗೆ ಸೊಸೈಟಿ ಗುಮಾಸ್ತರ ಹತ್ತಿರ ಇರುತ್ತದೆ. ಗೊಬ್ಬರ ತರಲು ಹೋದಾಗ ಓದಿ ಸಹಿ ಹಾಕಿ. ಹೊರಗಿರುವ ಪಾಲುದಾರರು ನನಗೆ ಮೆಸೇಜ್ ಮಾಡಿ, ಪ್ರತಿ ಕಳಿಸುತ್ತೇನೆ. ಭಾನುವಾರ ಬೆಳಗ್ಗೆ ಏಳಕ್ಕೆ ಅಜ್ಜಿಯ ಮೊಮ್ಮಗ ಮತ್ತು ನಾನು ಒರತೆಯ ಹತ್ತಿರ ಹೋಗಿ ಜಿಪಿಎಸ್ ಗುರುತು ಹಾಕಿಕೊಂಡು ಬರುತ್ತೇವೆ. ಬರುವವರು ಉಪ್ಪು ಮತ್ತು ಕತ್ತಿ ತನ್ನಿ.